ನೆರೆಮನೆ ಇಲ್ಲದ ಕಾರ್ಖಾನೆ

ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ಹುಲ್ಲಿನ ಬಣವೆ ಒಟ್ಟುವುದಕ್ಕೂ ಒಂದು ಲೆಕ್ಕ ಇತ್ತು. ಮನೆಗೆ ತಾಗಿಸಿ ಒಟ್ಟುವಂತಿಲ್ಲ. ಎರಡು ಬಣವೆಗಳ ನಡುವೆ ಎತ್ತಿನ ಗಾಡಿ ತಿರುಗುವಷ್ಟು ಜಾಗ ಇರಲೇಬೇಕು. ಚಿಕ್ಕವನಿದ್ದಾಗ "ಅಷ್ಟು ಜಾಗ ಸುಮ್ನೆ ಯಾಕೆ ಬಿಡ್ತಿ ಅಜ್ಜ?" ಅಂತ ಕೇಳಿದ್ದೆ. "ಒಂದಕ್ಕೆ ಬೆಂಕಿ ಹತ್ತಿದ್ರೆ ಇನ್ನೊಂದಾದ್ರೂ ಉಳೀಬೇಕಲ್ಲೋ" ಅಂದಿದ್ದ.

ಈ ಮಾತು ಮತ್ತೆ ನೆನಪಾಗಿದ್ದು ಆಸ್ಟ್ರೇಲಿಯಾದ ಸಮುದ್ರದಲ್ಲಿರುವ ಒಂದು ಕಾರ್ಖಾನೆಯ ಬಗ್ಗೆ ಓದುವಾಗ. ಹೆಸರು ಪ್ರೆಲ್ಯೂಡ್. ನೋಡೋಕೆ ಹಡಗು, ಆದರೆ ಎಲ್ಲಿಗೂ ಹೋಗುವುದಿಲ್ಲ. ಸಮುದ್ರದ ತಳದಿಂದ ನೈಸರ್ಗಿಕ ಅನಿಲ ಮೇಲೆತ್ತಿ, ಸೋಸಿ, ಮೈನಸ್ 162 ಡಿಗ್ರಿ ತನಕ ತಣಿಸಿ ದ್ರವ ಮಾಡಿ, ತನ್ನ ಹೊಟ್ಟೆಯೊಳಗೇ ತುಂಬಿಟ್ಟುಕೊಂಡು, ಪಕ್ಕಕ್ಕೆ ಬಂದು ನಿಲ್ಲುವ ಹಡಗಿಗೆ ಸುರಿಯುವುದು ಅದರ ಕೆಲಸ. ಇಂಥ ತೇಲುವ ಕಾರ್ಖಾನೆಗಳಿಗೆ ಎಫ್‌ಎಲ್‌ಎನ್‌ಜಿ ಅಂತಾರೆ. ಪ್ರೆಲ್ಯೂಡ್‌ನ ಉದ್ದ 488 ಮೀಟರ್, ಅಗಲ 74 ಮೀಟರ್. ನಮ್ಮ ವಿಧಾನಸೌಧದ ಉದ್ದ 700 ಅಡಿ ಅಂತಾರಲ್ಲ, ಅಂಥ ಎರಡು ವಿಧಾನಸೌಧ ಸಾಲಾಗಿ ಇಟ್ಟರೂ ಇದರ ಮೇಲೆ ಇನ್ನೂ ಜಾಗ ಉಳಿಯುತ್ತೆ. ಹಾಗಿದ್ದೂ ಇದು ಇಕ್ಕಟ್ಟಿನ ಕಾರ್ಖಾನೆಯೇ. ಕಟ್ಟಿಸಿದ ಶೆಲ್ ಕಂಪನಿಯೇ ಹೇಳಿಕೊಂಡ ಹಾಗೆ, ಇಷ್ಟೇ ಕೆಲಸ ಮಾಡುವ ಕಾರ್ಖಾನೆಗೆ ನೆಲದ ಮೇಲೆ ಬೇಕಾಗುವ ಜಾಗದ ಕಾಲುಭಾಗದಲ್ಲಿ ಇದನ್ನು ಕೂರಿಸಿದ್ದಾರೆ. ಅಜ್ಜನ ಭಾಷೆಯಲ್ಲಿ ಹೇಳೋದಾದ್ರೆ, ಬಣವೆಗಳ ನಡುವಿನ ಜಾಗವನ್ನು ಉಳಿತಾಯ ಮಾಡಿದ್ದಾರೆ.

ಇಷ್ಟೆಲ್ಲ ಕಷ್ಟಪಟ್ಟು ಗ್ಯಾಸನ್ನು ದ್ರವ ಯಾಕೆ ಮಾಡಬೇಕು? ದ್ರವವಾದರೆ ಅದು ಸುಮಾರು 600 ಪಟ್ಟು ಕುಗ್ಗುತ್ತೆ. ಪೈಪ್ ಎಳೆಯಲಾಗದ ದೂರಕ್ಕೆ ಹಡಗಿನಲ್ಲಿ ಸಾಗಿಸಲು ಬೇರೆ ದಾರಿ ಇಲ್ಲ. ಮನೆಗೆ ಬರುವ ಕೆಂಪು ಸಿಲಿಂಡರ್ ಒಳಗಿನದು ಬೇರೆ, ಅದು ಎಲ್‌ಪಿಜಿ, ಸ್ವಲ್ಪ ಒತ್ತಿದರೆ ಸಾಕು ದ್ರವವಾಗುತ್ತೆ. ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಮಾಮೂಲಿ ಉಷ್ಣತೆಯಲ್ಲಿ ಅದನ್ನು ಎಷ್ಟು ಒತ್ತಿದರೂ ದ್ರವವಾಗಲ್ಲ. ಮೈಕೆಲ್ ಫ್ಯಾರಡೆಯಂಥ ಫ್ಯಾರಡೆಯೇ 1845ರಲ್ಲಿ ಮೀಥೇನ್ ಸೇರಿ ಆರು ಅನಿಲಗಳ ಮುಂದೆ ಕೈಚೆಲ್ಲಿದ. ಜಪ್ಪಯ್ಯ ಅಂದರೂ ಜಗ್ಗದ ಇವಕ್ಕೆ ಶಾಶ್ವತ ಅನಿಲಗಳು ಅಂತಲೇ ಹೆಸರು ಬಿತ್ತು. ಒತ್ತಡ ಒಂದೇ ಸಾಲದು, ವಿಪರೀತ ಚಳಿಯೂ ಬೇಕು ಅನ್ನೋದು ಗೊತ್ತಾಗಿ, 1870ರ ದಶಕ ಮುಗಿಯುವ ಹೊತ್ತಿಗೆ ಆ ಹೆಸರು ಸುಳ್ಳಾಗತೊಡಗಿತು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಈಗ ಪೈಪಿನಲ್ಲಿ ಬರುತ್ತಲ್ಲ, ಅದೂ ಮೀಥೇನೇ. 2013ರಲ್ಲಿ ಶುರುವಾದ ಪೈಪ್‌ಲೈನ್ ನಮ್ಮೂರಿಗೆ ದಾಭೋಲ್‌ನಿಂದ ಬರುತ್ತೆ. ಅಲ್ಲಿರೋದು ಹಡಗಿನಿಂದ ಎಲ್‌ಎನ್‌ಜಿ ಇಳಿಸಿಕೊಳ್ಳುವ ಟರ್ಮಿನಲ್.

ತಮಾಷೆ ಅಂದರೆ, ಗ್ಯಾಸನ್ನು ದ್ರವ ಮಾಡಿ ದೋಣಿಗೆ ತುಂಬುವ ಯೋಚನೆ ಬಹಳ ಹಳೆಯದು. ಬಾಸ್ಟನ್‌ನ ಗಾಡ್‌ಫ್ರೆ ಕ್ಯಾಬಟ್ ಅನ್ನುವ ವ್ಯಾಪಾರಿ, ಗ್ಯಾಸ್ ಉರಿಸಿ ಕಾಡಿಗೆ ತೆಗೆದು ಮಾರಿ ಸಾಹುಕಾರನಾದವನು, 1915ರಲ್ಲೇ ದ್ರವ ಅನಿಲ ಸಾಗಿಸುವ ದೋಣಿಗೆ ಪೇಟೆಂಟ್ ಪಡೆದಿದ್ದ. ದೋಣಿ ಮಾತ್ರ ಕಾಗದದಲ್ಲೇ ಉಳಿಯಿತು. ಮೊದಲು ಕೈಗೂಡಿದ್ದು ನೆಲದ ಮೇಲಿನ ಟ್ಯಾಂಕು. ಅದೂ ಊರಿನ ನಟ್ಟನಡುವೆ.

ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಚಳಿಗಾಲ ಬಂತು ಅಂದರೆ ಗ್ಯಾಸಿಗೆ ವಿಪರೀತ ಬೇಡಿಕೆ. ಬೇಸಿಗೆಯಲ್ಲಿ ಮಿಕ್ಕಿದ್ದನ್ನು ದ್ರವ ಮಾಡಿ ಕೂಡಿಟ್ಟುಕೊಂಡರೆ ಚಳಿಗಾಲಕ್ಕೆ ಆಗುತ್ತೆ ಅಂತ ಈಸ್ಟ್ ಓಹಾಯೋ ಗ್ಯಾಸ್ ಕಂಪನಿ 1941ರಲ್ಲಿ ಮೂರು ಗುಂಡನೆಯ ಟ್ಯಾಂಕು ಕಟ್ಟಿತು. ಸುತ್ತ ಮನೆ, ಅಂಗಡಿ. ಯುದ್ಧದ ಕಾಲಕ್ಕೆ ಬೇಡಿಕೆ ಇನ್ನೂ ಏರಿತು. ನಾಲ್ಕನೇ ಟ್ಯಾಂಕು ಸೇರಿಸಿದರು, ಅದು ಡ್ರಮ್ಮಿನ ಆಕಾರದ್ದು. ಅದಕ್ಕೆ ಬಳಸಿದ ಉಕ್ಕಿನಲ್ಲಿ ನಿಕಲ್ ಇದ್ದದ್ದು ಶೇಕಡಾ 3.5 ಮಾತ್ರ. ಮಾಮೂಲಿ ಉಕ್ಕು ಅಷ್ಟು ಚಳಿಯಲ್ಲಿ ಬಾಗುವ ಗುಣ ಕಳಕೊಂಡು ಗಾಜಿನ ಹಾಗೆ ಒಡೆಯುತ್ತೆ. ಈಗಿನ ಟ್ಯಾಂಕುಗಳಿಗೆ ಶೇಕಡಾ 9 ನಿಕಲ್ ಇರುವ ಉಕ್ಕು ಬಳಸುವುದು ಅದಕ್ಕೇ.

1944ರ ಅಕ್ಟೋಬರ್ 20, ಶುಕ್ರವಾರ. ಮಧ್ಯಾಹ್ನ ಎರಡೂವರೆ ದಾಟಿದ ಮೇಲೆ ನಾಲ್ಕನೇ ಟ್ಯಾಂಕು ಬಿರಿಯಿತು. ಚೆಲ್ಲಿದ ದ್ರವ ಮಂಜಿನ ಹಾಗೆ ಎದ್ದು ನೆಲಕ್ಕಂಟಿಕೊಂಡು ಬೀದಿಗೆ ಹರಿಯಿತು, ಚರಂಡಿಗೆ ಇಳಿಯಿತು. ಎಲ್ಲೋ ಒಂದು ಕಿಡಿ ತಗುಲಿತು. ಬೀದಿಯ ಮ್ಯಾನ್‌ಹೋಲ್ ಮುಚ್ಚಳಗಳು ಮೇಲಕ್ಕೆ ಹಾರಿದವು, ಒಳಚರಂಡಿಗೆ ಸೇರಿದ ಗ್ಯಾಸ್ ಮನೆಗಳ ನೆಲಮಾಳಿಗೆಯಲ್ಲಿ ಸಿಡಿಯಿತು. ಸುಮಾರು 20 ನಿಮಿಷಕ್ಕೆ ಪಕ್ಕದ ಗುಂಡು ಟ್ಯಾಂಕಿನ ಕಾಲುಗಳು ಬೆಂಕಿಗೆ ಕಾದು ಕುಸಿದು, ಅದೂ ಬಿತ್ತು. 130 ಜನ ಸತ್ತರು, ನೂರಾರು ಜನ ಮನೆ ಕಳಕೊಂಡರು. ಒಂದು ಬಣವೆಯಿಂದ ಇನ್ನೊಂದಕ್ಕೆ, ಬಣವೆಯಿಂದ ಮನೆಗೆ. ಅಮೆರಿಕದಲ್ಲಿ ಬಹಳ ವರ್ಷ ಎಲ್‌ಎನ್‌ಜಿ ಅಂದರೆ ಜನ ಬೆಚ್ಚುತ್ತಿದ್ದರು.

ಎಲ್‌ಎನ್‌ಜಿಯ ಮುಂದಿನ ಚರಿತ್ರೆಯನ್ನು ನಾನು ಓದಿಕೊಳ್ಳುವುದು ಹೀಗೆ: ಅದು ನೆರೆಮನೆಯವರಿಂದ ದೂರ ದೂರ ಸರಿಯುತ್ತಾ ಹೋದ ಕಥೆ. ಒಮ್ಮೆ ಭಯದಿಂದ, ಒಮ್ಮೆ ದುಡ್ಡಿನ ಲೆಕ್ಕದಿಂದ, ಒಮ್ಮೆ ನೆರೆಯವರೇ ಬೇಡ ಅಂದಿದ್ದರಿಂದ.

ಮತ್ತೆ ದೋಣಿಯ ಯೋಚನೆ ಚಿಗುರಿದ್ದು ಎಲ್ಲಿ ಗೊತ್ತಾ? ಷಿಕಾಗೋದ ದನದ ಮಂಡಿಯಲ್ಲಿ. ಯೂನಿಯನ್ ಸ್ಟಾಕ್‌ಯಾರ್ಡ್ಸ್‌ನ ಮುಖ್ಯಸ್ಥ ವಿಲಿಯಂ ವುಡ್ ಪ್ರಿನ್ಸ್‌ಗೆ ಗ್ಯಾಸ್ ಬಿಲ್ ಜಾಸ್ತಿ ಬರುತ್ತಿದೆ ಅನ್ನಿಸಿತು. ಲೂಯಿಸಿಯಾನದಲ್ಲಿ ಗ್ಯಾಸ್ ಅಗ್ಗ. ಅಲ್ಲೇ ದ್ರವ ಮಾಡಿ ಮಿಸಿಸಿಪ್ಪಿ ನದಿಯಲ್ಲಿ ದೋಣಿ ಮೇಲೆ ತಂದರೆ ಉರುವಲೂ ಆಯ್ತು, ಅದರ ಚಳಿಯಿಂದ ಮಾಂಸವನ್ನೂ ತಣ್ಣಗಿಡಬಹುದು. ಒಂದೇ ಕಲ್ಲಿಗೆ ಎರಡು ಹಕ್ಕಿ. ದೋಣಿ ಕಟ್ಟಿದರು, ಒಳಮೈಗೆ ಬಾಲ್ಸಾ ಮರದ ಹೊದಿಕೆ ಹಾಕಿದರು. ದ್ರವ ಅದರೊಳಕ್ಕೆ ಜಿನುಗಿತು. ಬಳಸಲು ಒಪ್ಪಿಗೆಯೂ ಸಿಗಲಿಲ್ಲ. ಆದರೆ ಅಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲ. ಆ ಹೊತ್ತಿಗೆ ಬ್ರಿಟನ್ನಿನವರು ಕಲ್ಲಿದ್ದಲಿನ ಹೊಗೆಯಿಂದ ಕಂಗೆಟ್ಟಿದ್ದರು. 1952ರ ಡಿಸೆಂಬರಿನ ಹೊಗೆಮಂಜು ಲಂಡನ್ನಿನಲ್ಲಿ ಸಾವಿರಾರು ಜನರನ್ನು ಕೊಂದಿತ್ತು. ಕಲ್ಲಿದ್ದಲಿನಿಂದಲೇ ಅಡುಗೆ ಗ್ಯಾಸ್ ತಯಾರಿಸುತ್ತಿದ್ದ ಅವರಿಗೆ ಬೇರೆ ಮೂಲ ಬೇಕಿತ್ತು.

ಎರಡನೇ ಮಹಾಯುದ್ಧದ ಕಾಲದ ಒಂದು ಸರಕು ಹಡಗನ್ನು ಮಾರ್ಪಡಿಸಿ ಅಲ್ಯೂಮಿನಿಯಂನ ಐದು ಟ್ಯಾಂಕು ಕೂರಿಸಿ 'ಮೀಥೇನ್ ಪಯನೀರ್' ಅಂತ ಹೆಸರಿಟ್ಟರು. 1959ರ ಜನವರಿ 25ಕ್ಕೆ ಲೂಯಿಸಿಯಾನದ ಲೇಕ್ ಚಾರ್ಲ್ಸ್ ಬಿಟ್ಟ ಹಡಗು ಫೆಬ್ರವರಿ 20ಕ್ಕೆ ಥೇಮ್ಸ್ ನದಿಮುಖದ ಕ್ಯಾನ್ವೇ ದ್ವೀಪ ತಲುಪಿತು. ಸುಮಾರು 5 ಸಾವಿರ ಘನ ಮೀಟರ್ ಹಿಡಿಯುವ ಪುಟ್ಟ ಹಡಗು. ಐದೇ ವರ್ಷಕ್ಕೆ, 1964ರಲ್ಲಿ, ಅಲ್ಜೀರಿಯಾದ ಅರ್ಜ್ಯೂನಲ್ಲಿ ಮೊದಲ ದೊಡ್ಡ ವಾಣಿಜ್ಯ ಘಟಕ ಶುರುವಾಗಿ ಕ್ಯಾನ್ವೇಗೆ ಹಡಗುಗಳ ಓಡಾಟ ಮಾಮೂಲಾಯಿತು. 1969ರಲ್ಲಿ ಅಲಾಸ್ಕಾದಿಂದ ಜಪಾನಿಗೆ. ಅಲ್ಲಿಂದಾಚೆಗೆ ಇದು ದೇಶದೇಶಗಳ ವ್ಯಾಪಾರ. 2004ರ ಜನವರಿಯಲ್ಲಿ ಕತಾರ್‌ನಿಂದ ಗುಜರಾತಿನ ದಹೇಜ್‌ಗೆ ನಮ್ಮ ಮೊದಲ ಹಡಗು ಬಂತು.

ಆದರೆ ಗ್ಯಾಸನ್ನು ದ್ರವ ಮಾಡುವ ಜಾಗ ಮಾತ್ರ ದಡ ಬಿಟ್ಟು ಕದಲಲಿಲ್ಲ. ಅದನ್ನೂ ಸಮುದ್ರಕ್ಕೆ ತಳ್ಳಿದರೆ ಹೇಗೆ ಅಂತ 1970ರ ದಶಕದಿಂದಲೇ ನಕ್ಷೆ ಬರೆದವರಿದ್ದರು. ಅದನ್ನು ಕಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಅಲೆ ಮೇಲೆ ಓಲಾಡುತ್ತಾ ಎತ್ತರದ ಕೊಳವೆಗಳಲ್ಲಿ ಅನಿಲವನ್ನು ಬೇರ್ಪಡಿಸಬೇಕು, ಅರ್ಧ ತುಂಬಿದ ಟ್ಯಾಂಕಿನಲ್ಲಿ ದ್ರವ ಕುಲುಕಿ ಗೋಡೆಗೆ ಬಡಿಯಬಾರದು, ಎರಡು ಹಡಗು ಅಕ್ಕಪಕ್ಕ ಕುಣಿಯುವಾಗಲೇ ಒಂದರಿಂದ ಇನ್ನೊಂದಕ್ಕೆ ಮೈನಸ್ 162 ಡಿಗ್ರಿಯ ದ್ರವ ಸಾಗಿಸಬೇಕು. ಬಸ್ಸಲ್ಲಿ ನಿಂತು ಬಿಸಿ ಟೀ ಒಂದು ಲೋಟದಿಂದ ಇನ್ನೊಂದಕ್ಕೆ ಬಗ್ಗಿಸಿದವರಿಗೆ ಕಷ್ಟ ಅರ್ಥವಾಗಬಹುದು.

ಈ ಧೈರ್ಯ ಕೊನೆಗೆ ಬಂದದ್ದು ಆಸ್ಟ್ರೇಲಿಯಾದ ವಾಯವ್ಯ ಮೂಲೆಯಲ್ಲಿ. ಬ್ರೂಮ್ ಅನ್ನುವ ಊರಿನಿಂದ 475 ಕಿಲೋಮೀಟರ್ ಆಚೆ, ಸುಮಾರು 250 ಮೀಟರ್ ಆಳದ ನೀರಲ್ಲಿ, 2007ರಲ್ಲಿ ಶೆಲ್‌ಗೆ ಪ್ರೆಲ್ಯೂಡ್ ಎಂಬ ಅನಿಲ ನಿಕ್ಷೇಪ ಸಿಕ್ಕಿತು. ಅಷ್ಟು ದೂರದ ಸಣ್ಣ ನಿಕ್ಷೇಪಕ್ಕಾಗಿ ದಡದ ತನಕ ಪೈಪ್ ಎಳೆದು ಕಾರ್ಖಾನೆ ಕಟ್ಟಿದರೆ ಲೆಕ್ಕ ಕೂಡುವುದಿಲ್ಲ. ಅದೇ ಸಮುದ್ರದ ಇಕ್ತಿಸ್ ಎಂಬ ದೊಡ್ಡ ನಿಕ್ಷೇಪಕ್ಕೆ ಜಪಾನಿನ ಇನ್ಪೆಕ್ಸ್ ಕಂಪನಿ 890 ಕಿಲೋಮೀಟರ್ ಪೈಪ್ ಎಳೆದು ಡಾರ್ವಿನ್‌ನಲ್ಲಿ ಕಾರ್ಖಾನೆ ಕಟ್ಟಿತು. ಶೆಲ್ 2011ರ ಮೇ ತಿಂಗಳಲ್ಲಿ ತೇಲುವ ದಾರಿ ಹಿಡಿಯಿತು.

ಲೆಕ್ಕ ಮಾತ್ರ ಕಾರಣ ಅಂದರೆ ಪೂರ್ತಿ ಕಥೆ ಆಗಲ್ಲ. ಬ್ರೂಮ್‌ಗೆ ಹತ್ತಿರದ ಜೇಮ್ಸ್ ಪ್ರೈಸ್ ಪಾಯಿಂಟ್ ಎಂಬಲ್ಲಿ, ಅದೇ ಬ್ರೌಸ್ ಕಡಲಿನ ಬೇರೆ ನಿಕ್ಷೇಪಗಳ ಗ್ಯಾಸಿಗೆ ವುಡ್‌ಸೈಡ್ ಕಂಪನಿ ದಡದಲ್ಲೇ ಕಾರ್ಖಾನೆ ಕಟ್ಟಬೇಕಿತ್ತು. ಗೂಲರಬೂಲು ಮೂಲನಿವಾಸಿಗಳು ಮತ್ತು ಪರಿಸರದವರು ವರ್ಷಗಟ್ಟಲೆ ಅಡ್ಡ ನಿಂತರು. ಆ ಕರಾವಳಿಯ ಬಂಡೆಗಳಲ್ಲಿ ಡೈನೋಸಾರ್ ಹೆಜ್ಜೆಗುರುತುಗಳಿವೆ. ಮೂಲನಿವಾಸಿಗಳಿಗೆ ಅದು ಹಿರಿಯರು ನಡೆದ ದಾರಿ. ಎಲ್ಲ ಮೂಲನಿವಾಸಿಗಳೂ ವಿರೋಧವಿದ್ದರು ಅಂತೇನಿಲ್ಲ, ಪರಿಹಾರದ ಒಪ್ಪಂದಕ್ಕೆ ಒಪ್ಪಿದವರೂ ಇದ್ದರು, ಊರು ಎರಡು ಭಾಗವಾಗಿತ್ತು. 2013ರ ಏಪ್ರಿಲ್‌ನಲ್ಲಿ ವುಡ್‌ಸೈಡ್ ಆ ಯೋಜನೆ ಕೈಬಿಟ್ಟು, ನಮ್ಮದೂ ತೇಲುವ ಕಾರ್ಖಾನೆಯೇ ಆಗಲಿ ಅಂತ ಆ ಕಡೆ ತಿರುಗಿತು. ಖರ್ಚು ಹೆಚ್ಚು ಅನ್ನೋದು ಅದು ಕೊಟ್ಟ ಕಾರಣ. ಕೆಲವೇ ತಿಂಗಳಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸುಪ್ರೀಂ ಕೋರ್ಟ್ ಆ ಯೋಜನೆಗೆ ಕೊಟ್ಟಿದ್ದ ಪರಿಸರ ಒಪ್ಪಿಗೆಯೇ ಅಕ್ರಮ ಅಂದಿತು. ಇದರಿಂದ ಸಿಟ್ಟಾದದ್ದು ರಾಜ್ಯದ ಪ್ರೀಮಿಯರ್ ಕಾಲಿನ್ ಬಾರ್ನೆಟ್. ಕಾರ್ಖಾನೆ ತೇಲಿದರೆ ಅದನ್ನು ಕಟ್ಟುವ ಕೆಲಸ ಕೊರಿಯಾಕ್ಕೆ ಹೋಗುತ್ತೆ, ನಮ್ಮ ಹುಡುಗರಿಗೇನು ಸಿಗುತ್ತೆ ಅನ್ನೋದು ಆ ಕಡೆಯ ವಾದ. ರಾಜ್ಯದ ಸಂಸತ್ ಸಮಿತಿ ಇದನ್ನೇ ವಿಚಾರಣೆ ಮಾಡಿ 2014ರಲ್ಲಿ ವರದಿ ಕೊಟ್ಟಿತು. ವುಡ್‌ಸೈಡ್‌ನ ತೇಲುವ ಯೋಜನೆಯೂ 2016ರಲ್ಲಿ ಕಪಾಟು ಸೇರಿತು, ಅದು ಬೇರೆ ಮಾತು.

ಹೀಗಾಗಿ ಪ್ರೆಲ್ಯೂಡ್ ಹುಟ್ಟಿದ್ದು ದಕ್ಷಿಣ ಕೊರಿಯಾದ ಗೋಜೆ ದ್ವೀಪದಲ್ಲಿ, ಸ್ಯಾಮ್‌ಸಂಗ್‌ನ ಹಡಗುಕಟ್ಟೆಯಲ್ಲಿ. ಫೋನ್ ಮಾಡುವವರದ್ದೇ ಹಡಗಿನ ಕಂಪನಿ. 2012ರ ಅಕ್ಟೋಬರಿನಲ್ಲಿ ಉಕ್ಕು ಕತ್ತರಿಸಲು ಶುರು ಮಾಡಿದರು. ಬಳಸಿದ್ದು 2 ಲಕ್ಷ 60 ಸಾವಿರ ಟನ್‌ಗೂ ಹೆಚ್ಚು ಉಕ್ಕು. ತುಂಬಿದಾಗ ಒಟ್ಟು ತೂಕ ಸುಮಾರು 6 ಲಕ್ಷ ಟನ್. ಕಾರವಾರದಲ್ಲಿ ನಿಲ್ಲುವ ನಮ್ಮ ವಿಮಾನವಾಹಕ ವಿಕ್ರಮಾದಿತ್ಯ ಸುಮಾರು 45 ಸಾವಿರ ಟನ್, ನೀವೇ ಭಾಗಾಕಾರ ಮಾಡಿಕೊಳ್ಳಿ. 2017ರ ಜೂನ್ ಕೊನೆಗೆ ಹೊರಟು, ಟಗ್ ದೋಣಿಗಳು ಎಳೆದು ಎಳೆದು, ಜುಲೈ 25ಕ್ಕೆ ಜಾಗ ತಲುಪಿತು. 16 ದಪ್ಪ ಸರಪಳಿಗಳಿಂದ ಸಮುದ್ರದ ತಳಕ್ಕೆ ಕಟ್ಟಿದ್ದಾರೆ. ಮೂಗಿನ ಬಳಿಯ ಗೂಟದ ಸುತ್ತ ಗಾಳಿ ಬಂದ ಕಡೆ ತಿರುಗುತ್ತೆ, ಹಗ್ಗ ಕಟ್ಟಿದ ದನದ ಹಾಗೆ. ಚಂಡಮಾರುತ ಬಂದರೂ ಕದಲದೆ ಅಲ್ಲೇ ನಿಲ್ಲಬೇಕು, 25 ವರ್ಷ.

ತಣಿಸೋಕೆ ಅದು 150 ಮೀಟರ್ ಆಳದಿಂದ ಗಂಟೆಗೆ 5 ಕೋಟಿ ಲೀಟರ್ ತಣ್ಣನೆ ಸಮುದ್ರ ನೀರು ಎಳೆಯುತ್ತೆ. ದಿನಕ್ಕೆ 120 ಕೋಟಿ ಲೀಟರ್. ಐದನೇ ಹಂತ ಬರುವ ಮುಂಚೆ ಇಡೀ ಬೆಂಗಳೂರಿಗೆ ಕಾವೇರಿಯಿಂದ ದಿನಕ್ಕೆ ಬರುತ್ತಿದ್ದದ್ದು ಸುಮಾರು 145 ಕೋಟಿ ಲೀಟರ್. ಈ ಹೋಲಿಕೆ ಮಾಡಿಕೊಂಡ ದಿನ ನಾನು ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಅಂದ ಹಾಗೆ, ಜಗತ್ತಿನ ಮೊದಲ ತೇಲುವ ಎಲ್‌ಎನ್‌ಜಿ ಕಾರ್ಖಾನೆ ಅನ್ನುವ ಹೆಸರು ಪ್ರೆಲ್ಯೂಡ್‌ಗೆ ದಕ್ಕಲಿಲ್ಲ. ಮಲೇಷ್ಯಾದ ಪೆಟ್ರೋನಾಸ್ ಕಟ್ಟಿಸಿದ ಪಿಎಫ್‌ಎಲ್‌ಎನ್‌ಜಿ ಸಾತು ಅದಕ್ಕಿಂತ ಸಣ್ಣದು, 365 ಮೀಟರ್. ಅದು 2016ರ ಡಿಸೆಂಬರಿನಲ್ಲೇ ಸಾರವಾಕ್ ಕಡಲಲ್ಲಿ ದ್ರವ ಹರಿಸಿತು. 2019ರಲ್ಲಿ ಅದನ್ನು ಬಿಚ್ಚಿ ಸಾಬಾ ಕಡೆಯ ಇನ್ನೊಂದು ನಿಕ್ಷೇಪಕ್ಕೆ ಒಯ್ದು ಕಟ್ಟಿದರು. ಅದಕ್ಕಿಂತ ಪಾಪದ್ದು ಇನ್ನೊಂದಿದೆ. ಕೊಲಂಬಿಯಾಕ್ಕೆ ಅಂತ ಚೀನಾದಲ್ಲಿ ಕಟ್ಟಿದ ಒಂದು ತೇಲುವ ಘಟಕವನ್ನು ಕೊಳ್ಳುವವರು 2016ರಲ್ಲಿ ಬೇಡ ಅಂದರು. ಅದು ಟ್ಯಾಂಗೋ ಅನ್ನುವ ಹೆಸರಿಟ್ಟುಕೊಂಡು ಅರ್ಜೆಂಟೀನಾಕ್ಕೆ ಹೋಯಿತು. ಅವರೂ 2020ರಲ್ಲಿ ಕೈಬಿಟ್ಟು ದಂಡ ಕಟ್ಟಿದರು. ಕೊನೆಗೆ ಇಟಲಿಯ ಎನಿ ಕೊಂಡು ಕಾಂಗೋಗೆ ಒಯ್ದಿತು. ಕಾಂಟ್ರಾಕ್ಟ್ ಮೇಲೆ ಪ್ರಾಜೆಕ್ಟಿಂದ ಪ್ರಾಜೆಕ್ಟಿಗೆ ಓಡಾಡುವ ನಮ್ಮಂಥವರಿಗೆ ಅದರ ಮೇಲೆ ಕನಿಕರ ಬರಬೇಕು.

ಮೊಜಾಂಬಿಕ್‌ನದ್ದು ಇನ್ನೊಂದು ಬಗೆ. ಅಲ್ಲಿ ದಡದ ಮೇಲೆ ದೊಡ್ಡ ಕಾರ್ಖಾನೆ ಏಳುತ್ತಿದ್ದಾಗ, 2021ರ ಮಾರ್ಚ್‌ನಲ್ಲಿ ಬಂಡುಕೋರರು ಪಾಲ್ಮಾ ಪಟ್ಟಣಕ್ಕೆ ನುಗ್ಗಿದರು. ದಡದ ಕೆಲಸ ನಿಂತುಹೋಯಿತು. ಅದೇ ಕಡಲಿಗೆಂದು ಕೊರಿಯಾದಲ್ಲಿ ತಯಾರಾಗುತ್ತಿದ್ದ ಕೋರಲ್ ಸುಲ್‌ಗೆ ಇದ್ಯಾವುದೂ ತಟ್ಟಲಿಲ್ಲ. 2022ರ ನವೆಂಬರಿನಲ್ಲಿ ಅದರ ಮೊದಲ ಹಡಗು ಹೊರಟಿತು. ದಡದಲ್ಲಿ ಏನಾದರೂ ಆಗಲಿ, ಗ್ಯಾಸ್ ಮಾತ್ರ ಹೊರಡುತ್ತೆ. ಇದನ್ನು ಜಾಣತನ ಅನ್ನಬೇಕೋ ಬೇರೇನಾದರೂ ಅನ್ನಬೇಕೋ, ನನಗಂತೂ ಒಂದು ಮುಜುಗರ ಇದ್ದೇ ಇದೆ.

ಮತ್ತೆ ಪ್ರೆಲ್ಯೂಡ್‌ಗೆ ಬರೋಣ. 2018ರ ಕ್ರಿಸ್‌ಮಸ್ ದಿನ ಬಾವಿ ತೆರೆದರು. ಮೊದಲ ಎಲ್‌ಎನ್‌ಜಿ ಹಡಗು ಹೊರಟದ್ದು 2019ರ ಜೂನ್‌ನಲ್ಲಿ. 2020ರ ಫೆಬ್ರವರಿಯಲ್ಲಿ ಕರೆಂಟ್ ಕೈಕೊಟ್ಟು ಕಾರ್ಖಾನೆ ನಿಂತಿತು, ಮತ್ತೆ ಹಡಗು ತುಂಬಿದ್ದು 2021ರ ಜನವರಿಯಲ್ಲಿ. ಅದು ಪೀಠಿಕೆ. ಅಸಲಿ ಕಥೆ 2021ರ ಡಿಸೆಂಬರ್ 2ರದ್ದು.

ಅದಕ್ಕೂ ಮುಂಚೆ ಒಂದು ಮಾತು. ಕಟ್ಟಿದವರು ದಡ್ಡರಲ್ಲ. ಅಜ್ಜನ ಲೆಕ್ಕ ಅವರಿಗೂ ಗೊತ್ತಿತ್ತು. ಯಂತ್ರಗಳ ಗುಂಪುಗಳ ನಡುವೆ ಅಡ್ಡಲಾಗಿ ಖಾಲಿ ಪಟ್ಟಿಗಳನ್ನು ಬಿಟ್ಟಿದ್ದಾರೆ, ಬೆಂಕಿ ದಾಟಬಾರದು ಅಂತ. ಜನ ಮಲಗುವ ಕೋಣೆಗಳು ಒಂದು ತುದಿಗೆ, ಹೆಚ್ಚು ಅಪಾಯದ ಯಂತ್ರಗಳು ಇನ್ನೊಂದು ತುದಿಗೆ. ಬೆಂಕಿಗೆ ಅಂತರ ಬಿಡಬಹುದು, ಕರೆಂಟಿಗೆ ಹೇಗೆ ಬಿಡ್ತೀರಿ? ಎಲ್ಲ ಕಡೆಗೂ ಹೋಗಲೇಬೇಕಾದದ್ದು ಅದೊಂದು. ಪ್ರೆಲ್ಯೂಡ್‌ನಲ್ಲಿ ಮುಖ್ಯ ವಿದ್ಯುತ್ ಹುಟ್ಟುವುದು ಉಗಿಯಿಂದ. ಉಗಿಗೆ ಬಾಯ್ಲರ್ ಬೇಕು, ಬಾಯ್ಲರಿಗೆ ನೀರು ತಳ್ಳುವ ಪಂಪು ಮತ್ತು ಗಾಳಿ ಊದುವ ಫ್ಯಾನು ಬೇಕು, ಅವಕ್ಕೆ ಕರೆಂಟ್ ಬೇಕು. ಪೂರ್ತಿ ಆರಿಹೋದರೆ ಡೀಸೆಲ್ ಜನರೇಟರಿನಿಂದ ಒಂದೊಂದೇ ಮೆಟ್ಟಿಲು ಹತ್ತಿ ಬರಬೇಕು. ಸರ್ವರ್ ಎಬ್ಬಿಸಲು ಬೇಕಾದ ಪಾಸ್‌ವರ್ಡ್ ಅದೇ ಸರ್ವರ್‌ನಲ್ಲಿ ಇಟ್ಟು ಒದ್ದಾಡಿದವರಿಗೆ ಇದು ಗೊತ್ತು. ಅದೇ ವರ್ಷ ಅಕ್ಟೋಬರ್ 4ರಂದು ಫೇಸ್‌ಬುಕ್ ಹಲವು ಗಂಟೆ ಮಾಯವಾದಾಗ, ಸರಿಪಡಿಸಲು ಬೇಕಾದ ಒಳಗಿನ ಟೂಲ್‌ಗಳೂ ಅದರ ಜೊತೆಗೇ ಸತ್ತಿದ್ದವಲ್ಲ, ಆ ಥರ.

ಡಿಸೆಂಬರ್ 2ರಂದು ವಿದ್ಯುತ್ ಉಪಕರಣಗಳ ಜಾಗದಲ್ಲಿ ಹೊಗೆ ಕಾಣಿಸಿತು. ಆಮೇಲೆ ಮುಖ್ಯ ವಿದ್ಯುತ್ ಹೋಯಿತು. ಮತ್ತೆ ತರಲು ಹೋದರು, ಬಂತು, ಹೋಯಿತು, ನಿಲ್ಲಲಿಲ್ಲ. ಹೀಗೇ ದಿನಗಳು ಕಳೆದವು. ದೀಪ, ಸಂಪರ್ಕ, ಕುಡಿಯುವ ನೀರು, ಶೌಚದ ವ್ಯವಸ್ಥೆ, ಗಾಳಿಯಾಡುವಿಕೆ, ಸುರಕ್ಷತಾ ಉಪಕರಣ, ಎಲ್ಲಕ್ಕೂ ಪೆಟ್ಟು. ಆ ಕಡಲಲ್ಲಿ ಡಿಸೆಂಬರ್ ಅಂದರೆ ಬೆವರಿಳಿಯುವ ಬೇಸಿಗೆ. ಸೆಕೆಗೆ ಬಳಲಿದ ಕೆಲವರನ್ನು ವೈದ್ಯಕೀಯ ಸಿಬ್ಬಂದಿ ನೋಡಬೇಕಾಯಿತು. ಹೊಟ್ಟೆಯೊಳಗೆ ಮೈನಸ್ 162 ಡಿಗ್ರಿಯ ದ್ರವ, ಮೇಲಿನ ಕೋಣೆಗಳಲ್ಲಿ ಫ್ಯಾನಿಲ್ಲದೆ ಒದ್ದಾಡುವ ಜನ. ಈ ಬಗೆಯ ಟ್ಯಾಂಕುಗಳಿರುವ ಹಡಗುಗಳಲ್ಲಿ ಟ್ಯಾಂಕುಗಳ ನಡುವಿನ ಸಂದಿಗಳನ್ನು ಬೆಚ್ಚಗಿಡುವ ಏರ್ಪಾಡು ಇರುತ್ತೆ. ಇಲ್ಲದಿದ್ದರೆ ಚಳಿ ಹಡಗಿನ ಮಾಮೂಲಿ ಉಕ್ಕಿಗೆ ಇಳಿದು ಅದು ಕ್ಲೀವ್‌ಲ್ಯಾಂಡಿನ ಟ್ಯಾಂಕಿನಂತೆ ಬಿರಿಯಬಹುದು. ಆ ಏರ್ಪಾಡು ನಡೆಯಬೇಕಾದರೂ ಕರೆಂಟ್ ಬೇಕು.

ದಡದಲ್ಲಾಗಿದ್ದರೆ? ಗೇಟು ತೆರೆದು ಜನ ಹೊರಗೆ ಹೋಗುತ್ತಿದ್ದರು. ಊರಿನ ಕಂಬದಿಂದ ಒಂದು ವೈರು ಎಳೆಯಬಹುದಿತ್ತು. ಪಕ್ಕದೂರಿನ ಅಗ್ನಿಶಾಮಕ ಬರುತ್ತಿತ್ತು. ಇಲ್ಲಿ ಹೆಲಿಕಾಪ್ಟರೇ ಗತಿ. ಅಪಾಯಕ್ಕೆ ಸಿಗುವ ನೆರೆಯವರನ್ನು ಇಲ್ಲವಾಗಿಸಿದಾಗ, ಸಹಾಯಕ್ಕೆ ಬರುವ ನೆರೆಯವರೂ ಇಲ್ಲವಾಗಿದ್ದರು.

ಆಸ್ಟ್ರೇಲಿಯಾದ ಕಡಲ ಸುರಕ್ಷತಾ ನಿಯಂತ್ರಕ ಸಂಸ್ಥೆ ನೋಪ್ಸೆಮಾದ ತನಿಖಾಧಿಕಾರಿಗಳು ಹೋಗಿ ನೋಡಿದರು. ವಿದ್ಯುತ್ ವ್ಯವಸ್ಥೆ ಹೇಗೆಲ್ಲ ಕೆಡಬಹುದು, ಯಾವುದು ಯಾವುದನ್ನು ನಂಬಿಕೊಂಡಿದೆ, ಕೆಟ್ಟ ಮೇಲೆ ಹೇಗೆ ಮೇಲೇಳಬೇಕು ಅನ್ನುವುದು ನಡೆಸುವವರಿಗೇ ಸಾಕಷ್ಟು ಅರ್ಥವಾಗಿಲ್ಲ ಅನ್ನುವುದು ಅವರ ತೀರ್ಮಾನದ ಸಾರ. ಕರೆಂಟ್ ಹೋದರೆ ಸುರಕ್ಷಿತವಾಗಿ ಮತ್ತೆ ತರಬಲ್ಲೆವು ಅಂತ ತೋರಿಸುವ ತನಕ ಉತ್ಪಾದನೆ ಶುರು ಮಾಡಬೇಡಿ ಅಂತ ಆದೇಶ ಬಂತು. ನನ್ನ ಕೆಲಸದಲ್ಲಿ ರಾತ್ರಿ ಎರಡಕ್ಕೆ ಫೋನ್ ಬಂದು, ಯಾರೋ ಎಂದೋ ಬರೆದ ಸಿಸ್ಟಮ್ ಮುಂದೆ ಇದೇ ಪ್ರಶ್ನೆಗಳನ್ನು ಕೇಳಿಕೊಂಡಿದ್ದೇನೆ. ನನಗೆ ಸೆಕೆಯಾದರೆ ಕಿಟಕಿ ತೆಗೆದರಾಯಿತು, ಅಷ್ಟೇ ವ್ಯತ್ಯಾಸ.

2022ರ ಏಪ್ರಿಲ್‌ನಲ್ಲಿ ಪ್ರೆಲ್ಯೂಡ್ ಮತ್ತೆ ಹಡಗು ತುಂಬಿತು. ಯುಕ್ರೇನ್ ಯುದ್ಧ ಶುರುವಾಗಿ ಎಲ್‌ಎನ್‌ಜಿಗೆ ಚಿನ್ನದ ಬೆಲೆ ಬಂದಿದ್ದ ಸಮಯ. ಜೂನ್‌ನಲ್ಲಿ ಅದರ ಮೇಲೆ ಕೆಲಸ ಮಾಡುವವರೇ ಮುಷ್ಕರ ಹೂಡಿದರು. ಸಂಬಳ ಮತ್ತು ಕೆಲಸದ ಭದ್ರತೆ ಅವರ ಬೇಡಿಕೆ. ಅವರು ಹಿಡಿದ ದಾರಿ ಸರಳ: ಎಲ್‌ಎನ್‌ಜಿ ಒಯ್ಯಲು ಬರುವ ಹಡಗನ್ನು ಪಕ್ಕಕ್ಕೆ ಕಟ್ಟಿಕೊಳ್ಳುವುದಿಲ್ಲ ಅಂದರು. ಪ್ರೆಲ್ಯೂಡ್‌ನ ಟ್ಯಾಂಕುಗಳು ಹಿಡಿಯುವುದು ಸುಮಾರು 2 ಲಕ್ಷ 20 ಸಾವಿರ ಘನ ಮೀಟರ್. ವರ್ಷಕ್ಕೆ 36 ಲಕ್ಷ ಟನ್ ತಯಾರಿಸುವ ಲೆಕ್ಕದಲ್ಲಿ ಅದು ಹತ್ತು ದಿನದ ಸರಕು. ಟ್ಯಾಂಕು ತುಂಬಿದ ಮೇಲೆ ಇಡಲು ಬೇರೆ ಜಾಗ ಇಲ್ಲ, ಪಕ್ಕದಲ್ಲಿ ಇನ್ನೊಂದು ಟ್ಯಾಂಕು ಕಟ್ಟಲು ನೆಲವೂ ಇಲ್ಲ. ಜುಲೈನಲ್ಲಿ ಉತ್ಪಾದನೆ ನಿಲ್ಲಿಸಬೇಕಾಯಿತು. ಒಟ್ಟು 76 ದಿನ. ಆಗಸ್ಟ್ ಕೊನೆಯ ಹೊತ್ತಿಗೆ ಕಂಪನಿ ಮತ್ತು ಕಾರ್ಮಿಕರ ನಡುವೆ ಒಪ್ಪಂದವಾಗಿ, ಹಡಗಿನ ಹಗ್ಗ ಹಿಡಿದುಕೊಳ್ಳಲು ಮತ್ತೆ ಕೈಗಳು ಬಂದವು.